ಎಷ್ಟು ಮೆಟ್ಟಿಲು?

ಆನ್‌ಸೈಟ್ ಅಂತ ಯುರೋಪಿಗೆ ಹೋದ ನಮ್ಮ ಐಟಿ ಮಂದಿ ಮೊದಲ ಶನಿವಾರ ಏನು ಮಾಡ್ತಾರೆ ಅಂತ ನಿಮಗೂ ಗೊತ್ತಿರ್ತದೆ. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಫೋನು, ಕಾಲಲ್ಲಿ ಹೊಸ ಶೂ. ಗೈಡಿಗೆ ಇಪ್ಪತ್ತು ಯೂರೋ ಅಂದ ಕೂಡಲೇ ಅದನ್ನು ರೂಪಾಯಿಗೆ ಗುಣಿಸಿ ನೋಡಿ ಸುಮ್ಮನಾಗ್ತೇವೆ. ಆಮೇಲೆ ಉಳಿಯೋದು ‘ಸೆಲ್ಫ್ ಗೈಡೆಡ್ ವಾಕ್’. ನಕ್ಷೆಯ ಮೇಲೆ ಒಂದು, ಎರಡು, ಮೂರು ಅಂತ ಗುರುತು ಇರ್ತದೆ. ಪ್ರತಿ ಗುರುತಿನ ಎದುರು ನಿಂತು ನಾಲ್ಕು ಸಾಲು ಓದು, ಫೋಟೋ ಹೊಡಿ, ಮುಂದೆ ನಡಿ. ಯಾರನ್ನೂ ಕಾಯಬೇಕಿಲ್ಲ, ಯಾರಿಗೂ ಹೇಳಬೇಕಿಲ್ಲ. ಸಾಕೆನಿಸಿದರೆ ರೂಮಿಗೆ ಬಂದು ಅನ್ನ ಸಾರು ಮಾಡಿಕೊಂಡು ಮಲಗಿದರಾಯ್ತು.

ನಾನು ಹಾಗೆ ನಡೆದದ್ದು ಗ್ರೆನೋಬಲ್‌ನಲ್ಲಿ. ಫ್ರಾನ್ಸಿನ ಆಗ್ನೇಯ ಮೂಲೆಯ ಊರು, ಸುತ್ತ ಆಲ್ಪ್ಸ್ ಪರ್ವತಗಳು, ನಡುವೆ ಇಸೇರ್ ನದಿ. ಗುಡ್ಡಗಳು ಊರಿನ ಬೆನ್ನಿಗೇ ಬಂದು ನಿಂತಿದ್ದರೂ ಊರು ಮಾತ್ರ ಅಂಗೈಯಷ್ಟು ಸಪಾಟು. ಘಟ್ಟದ ಬುಡದಲ್ಲಿ ಹುಟ್ಟಿದ ನನಗೆ ಆ ಆಕಾರ ಪರಿಚಯದ್ದೇ ಅನ್ನಿಸಿತ್ತು. ಸಮುದ್ರ ಒಂದು ಇರಲಿಲ್ಲ ಅಷ್ಟೆ.

ಹೋದದ್ದು ಆಕ್ಸೆಸಿಬಿಲಿಟಿ ಕೆಲಸಕ್ಕೆ. ಕಣ್ಣು ಕಾಣದವರು, ಮೌಸ್ ಹಿಡಿಯಲಾಗದವರು, ಕಿವಿ ಕೇಳದವರು ಕೂಡ ಒಂದು ವೆಬ್‌ಸೈಟನ್ನು ಸಲೀಸಾಗಿ ಬಳಸಬಹುದೇ ಅಂತ ಪರೀಕ್ಷಿಸುವ ಕೆಲಸ. ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ವ್ಯತ್ಯಾಸ ಇದೆಯಾ, ಚಿತ್ರಕ್ಕೆ ವಿವರಣೆ ಬರೆದಿದ್ದಾರಾ, ಬರೀ ಟ್ಯಾಬ್ ಕೀ ಒತ್ತಿಕೊಂಡೇ ಹಣ ಕಟ್ಟುವವರೆಗೂ ಹೋಗಬಹುದಾ, ಹೀಗೆ. ಯುರೋಪಿಯನ್ ಒಕ್ಕೂಟದ ಹೊಸ ಕಾನೂನು 2025ರ ಜೂನ್ 28ರಿಂದ ಜಾರಿಗೆ ಬರುವುದಿತ್ತು. ಅದರ ಮೊದಲು ಎಲ್ಲ ಸರಿಮಾಡಿ ಮುಗಿಸಬೇಕೆಂದು ಕಂಪನಿಗಳು ಓಡಾಡುತ್ತಿದ್ದವು. ಆ ಓಟದಲ್ಲಿ ನನಗೂ ಮೂರು ತಿಂಗಳ ವೀಸಾ ಸಿಕ್ಕಿತು.

ಕೆಲಸವೇ ಅದಾಗಿದ್ದರಿಂದ ನಡೆಯುವ ದಾರಿಯನ್ನೂ ಹಾಗೇ ಆರಿಸಿಕೊಂಡೆ. ಗಾಲಿಕುರ್ಚಿಯವರೂ ಹೋಗಬಹುದಾದ ದಾರಿ. ವಿಕ್ಟರ್ ಹ್ಯೂಗೊ ಚೌಕದಿಂದ ಹೊರಟು ಗ್ರೆನೆಟ್ ಚೌಕ, ಅಲ್ಲಿಂದ ಊರ ನಡುವಿನ ಉದ್ಯಾನ, ಆಮೇಲೆ ಹಳೆಯ ನ್ಯಾಯಾಲಯದ ಭವ್ಯ ಕಟ್ಟಡ ಇರುವ ಸಾಂತಾಂದ್ರೆ ಚೌಕ, ಕೊನೆಗೆ ನದಿ ದಂಡೆ. ದಂಡೆಯಿಂದ ಆಚೆಯ ಬಾಸ್ತೀಯ್ ಕೋಟೆಗೆ 1934ರಿಂದಲೂ ಕೇಬಲ್ ಕಾರು ಇದೆ. ಈಗ ಅವು ದುಂಡನೆಯ ಗಾಜಿನ ಗುಳ್ಳೆಗಳು, ನದಿಯ ಮೇಲೆ ತೂಗಾಡುತ್ತಾ ಸಾಲಾಗಿ ಹೋಗುತ್ತವೆ. ಇಷ್ಟೂ ಸೇರಿ ಒಂದು ಗಂಟೆಯ ನಡಿಗೆ.

ಇಂಥ ದಾರಿಗಳ ವಿವರಣೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅವುಗಳ ಕ್ರಮ. ರಾಜನ ಕತೆ, ಕಟ್ಟಡದ ವಯಸ್ಸು ಎಲ್ಲ ಆಮೇಲೆ. ಮೊದಲು ನೆಲದ ವಿಷಯ. ಎಷ್ಟು ದೂರ, ಎಲ್ಲಿ ಏರು, ಎಲ್ಲಿ ಉಬ್ಬುತಗ್ಗಿನ ಕಲ್ಲುಹಾಸು, ಕೂರಲು ಬೆಂಚು ಎಲ್ಲಿ, ಶೌಚಾಲಯದ ಬಾಗಿಲು ಎಷ್ಟು ಅಗಲ. ಅಲ್ಲಿ ನಿಯಮವೂ ಹಾಗೇ ಬಿಗಿ. ದಾರಿಯಲ್ಲಿ ಎದ್ದು ನಿಂತ ಅಂಚು ಎರಡು ಸೆಂಟಿಮೀಟರ್ ದಾಟಬಾರದು. ಇಳಿಜಾರು ಸಾಮಾನ್ಯವಾಗಿ ನೂರಕ್ಕೆ ಐದರೊಳಗೆ ಇರಬೇಕು. ರಸ್ತೆ ದಾಟುವಲ್ಲಿ ನೆಲದ ಮೇಲೆ ಗುಬ್ಬಿಗಳಂತೆ ಉಬ್ಬಿದ ಟೈಲ್ಸ್. ನಮ್ಮ ಮೆಟ್ರೊ ಸ್ಟೇಷನ್ನುಗಳಲ್ಲಿ ನಾವು ಡಿಸೈನು ಅಂದುಕೊಂಡು ತುಳಿದು ಹೋಗ್ತೇವಲ್ಲ, ಅವೇ. ಕುರುಡರ ಪಾದಕ್ಕೆ, ಕೋಲಿಗೆ ತಿಳಿಯಲಿ ಅಂತ ಜಪಾನಿನ ಸೆಯಿಚಿ ಮಿಯಾಕೆ ಎಂಬವರು ರೂಪಿಸಿದ್ದು. ಮೊದಲು ಹಾಕಿದ್ದು 1967ರಲ್ಲಿ, ಒಕಾಯಾಮಾ ಊರಿನ ರಸ್ತೆಯೊಂದರಲ್ಲಿ.

ಗ್ರೆನೋಬಲ್‌ನ ಟ್ರಾಮಿನದೊಂದು ಒಳ್ಳೇ ಕತೆ ಇದೆ. ಫ್ರಾನ್ಸಿನಲ್ಲಿ ಹೊಸ ಕಾಲದ ಟ್ರಾಮು ಮೊದಲು ಬಂದದ್ದು ನಾಂತ್ ನಗರಕ್ಕೆ, 1985ರಲ್ಲಿ. ಅದನ್ನು ಹತ್ತಲು ಮೆಟ್ಟಿಲು ಏರಬೇಕಿತ್ತು. ಮುಂದಿನ ಸರದಿ ಗ್ರೆನೋಬಲ್‌ನದು. ಇಲ್ಲಿನ ಅಂಗವಿಕಲರ ಸಂಘಗಳು ಪಟ್ಟು ಹಿಡಿದವು, ನಾವು ಹತ್ತಲಾಗದ ಬಂಡಿ ನಮ್ಮ ಊರಿಗೆ ಬೇಡ ಅಂದವು. ಬಂಡಿಯ ವಿನ್ಯಾಸವನ್ನೇ ಬದಲಿಸಿ ನೆಲ ತಗ್ಗಿಸಬೇಕಾಯಿತು. 1987ರಲ್ಲಿ ಓಡಲು ಶುರುವಾದ ಆ ಟ್ರಾಮಿಗೆ ಗಾಲಿಕುರ್ಚಿ ಪ್ಲಾಟ್‌ಫಾರ್ಮಿನಿಂದ ನೇರ ಒಳಗೆ ಹೋಗ್ತದೆ. ಮಕ್ಕಳ ಗಾಡಿ ತಳ್ಳುವ ತಾಯಂದಿರು, ತರಕಾರಿ ಚೀಲ ಎಳೆಯುವ ಅಜ್ಜಿಯರು ಎಲ್ಲರೂ ಅದೇ ಬಾಗಿಲಲ್ಲಿ ಹತ್ತುವುದನ್ನು ದಿನಾ ನೋಡಿದೆ. ಅವರಲ್ಲಿ ಯಾರಿಗೂ ಇದು ಯಾರ ಜಗಳದ ಫಲ ಅನ್ನುವ ಯೋಚನೆ ಇದ್ದಂತೆ ಕಾಣಲಿಲ್ಲ.

ಈ ಎಲ್ಲವನ್ನೂ ನಾನು ವಿಡಿಯೊ ಕಾಲಿನಲ್ಲಿ ತೋರಿಸುತ್ತಿದ್ದದ್ದು ಚೆಂಡಿಯಾದಲ್ಲಿರುವ ನನ್ನ ಅಕ್ಕನಿಗೆ. ಅವಳ ಪ್ರಶ್ನೆ ಯಾವಾಗಲೂ ಒಂದೇ.

“ಚಂದ ಇದೆ ತಮಾ. ಎಷ್ಟು ಮೆಟ್ಟಿಲು?”

ಅರಮನೆ ತೋರಿಸಿದರೂ ಅದೇ, ಇಗರ್ಜಿ ತೋರಿಸಿದರೂ ಅದೇ. ಕೊನೆಗೊಂದು ದಿನ ನದಿ ದಂಡೆಯ ಇಳಿಜಾರು ತೋರಿಸಿ, “ಇಲ್ಲಿ ಒಂದೂ ಇಲ್ಲ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದವಳು, “ಹಂಗಾರೆ ಕಾರವಾರಕ್ಕೂ ಒಂದು ಬರಕೊಡು. ಫ್ರಾನ್ಸಿಂದು ಇಟ್ಕೊಂಡು ನಾನೆಂತ ಮಾಡೂದು?” ಅಂದಳು.

ಅಕ್ಕ ನನಗಿಂತ ಐದು ವರ್ಷಕ್ಕೆ ದೊಡ್ಡವಳು. ಎರಡನೇ ವರ್ಷದಲ್ಲಿ ಪೋಲಿಯೊ ಆಗಿ ಬಲಗಾಲು ಸೋತಿತು. ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾಗಿದ್ದು 1995ರಲ್ಲಿ, ಅಷ್ಟರಲ್ಲಿ ಅವಳು ಶಾಲೆಗೆ ಹೋಗುವ ಹುಡುಗಿ. ಭಾರತದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದು. 2014ರ ಮಾರ್ಚಿನಲ್ಲಿ ನಾವು ಪೋಲಿಯೊಮುಕ್ತ ಎಂದು ಘೋಷಣೆಯೂ ಆಯಿತು. ರೋಗ ಹೋಯಿತು ಅಂತ ನಾವೆಲ್ಲ ಮರೆತೆವು. ಆದರೆ ಅದು ಬಂದುಹೋದ ಮಕ್ಕಳು ಈಗ ನಲವತ್ತು ದಾಟಿದ ಹೆಂಗಸರು, ಗಂಡಸರು. ಇಷ್ಟು ವರ್ಷ ಎರಡು ಕಾಲಿನ ಭಾರ ಹೊತ್ತ ಅಕ್ಕನ ಎಡಗಾಲು ಮತ್ತು ಭುಜ ಈಗ ದಣಿಯುತ್ತವೆ. ಮನೆಯೊಳಗೆ ಕ್ಯಾಲಿಪರ್ ಹಾಕಿ ಊರುಗೋಲಿನಲ್ಲಿ ಓಡಾಡ್ತಾಳೆ. ಹೊರಗೆ ಹೋಗುವುದಿದ್ದರೆ ಗಾಲಿಕುರ್ಚಿ. ಎಡಬದಿಗೆ ರೇಲಿಂಗು ಇದ್ದರೆ ಮೂರು ಮೆಟ್ಟಿಲು ಹತ್ತುತ್ತಾಳೆ. ಬಲಬದಿಗಿದ್ದರೆ ಒಂದೂ ಆಗುವುದಿಲ್ಲ. ‘ಎಷ್ಟು ಮೆಟ್ಟಿಲು’ ಅನ್ನೋದು ಅವಳ ಪಾಲಿಗೆ, ನಾವು ಊರಿಗೆ ಹೊರಡುವಾಗ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದ ಹಾಗೆ.

ಚೆಂಡಿಯಾದಿಂದ ಕಾರವಾರಕ್ಕೆ ಹತ್ತು ಹನ್ನೆರಡು ಕಿಲೋಮೀಟರು. ಅರ್ಗಾ, ಬಿಣಗಾ ದಾಟಿದರೆ ಕಾರವಾರ ಬಂತು. ಅಕ್ಕ ಈ ದಾರಿಯಲ್ಲಿ ಹೋದದ್ದಕ್ಕೆ ಲೆಕ್ಕವಿಲ್ಲ. ಆಸ್ಪತ್ರೆಗೆ ಹೋಗಿದ್ದಾಳೆ, ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಹೋಗಿದ್ದಾಳೆ, ಅದರ ನವೀಕರಣಕ್ಕೆ ಹೋಗಿದ್ದಾಳೆ, ಬ್ಯಾಂಕಿಗೆ ಹೋಗಿದ್ದಾಳೆ. ಒಮ್ಮೆ ಒಂದು ಕಚೇರಿಯಲ್ಲಿ ಮೇಲಿನ ಮಹಡಿಗೆ ಬರಲು ಹೇಳಿ, ಬರಲಾಗದಾಗ ಇಬ್ಬರು ಗಂಡಸರು ಕುರ್ಚಿ ಸಮೇತ ಎತ್ತಿಕೊಂಡು ಹೋಗಿದ್ದರು. ಪಾಪ, ಒಳ್ಳೇ ಮನಸ್ಸಿನವರೇ. ಆದರೆ ಅವಳ ಒಪ್ಪಿಗೆ ಕೇಳಲಿಲ್ಲ. ಆ ದಿನ ಬಂದು ರಾತ್ರಿಯವರೆಗೂ ಯಾರೊಟ್ಟಿಗೂ ಮಾತಾಡಿರಲಿಲ್ಲ ಅಂತ ಆಯಿ ಹೇಳ್ತಾಳೆ.

ಇಷ್ಟೆಲ್ಲ ಹೋದವಳು ಕಾರವಾರದ ಕಡಲ ತೀರಕ್ಕೆ ಒಮ್ಮೆಯೂ ಇಳಿದಿರಲಿಲ್ಲ. ಕೆಲಸ ಮುಗಿದ ಕೂಡಲೇ ರಿಕ್ಷಾ ಹತ್ತಿ ಮನೆ. ಒಂದು ಕಾರಣ ಊರಿಗೂ ಸಮುದ್ರಕ್ಕೂ ನಡುವೆ ಇರುವ ಹೆದ್ದಾರಿ. ಇನ್ನೊಂದು ಮರಳು. ಮೂರನೆಯದನ್ನು ಅವಳು ನನಗೆ ಹೇಳಿದ್ದೇ ಈ ಪಟ್ಟಿ ಶುರು ಮಾಡಿದ ಮೇಲೆ. ಕಾರವಾರಕ್ಕೆ ಹೋಗುವ ಹಿಂದಿನ ಸಂಜೆಯಿಂದಲೇ ಅವಳು ನೀರು ಕುಡಿಯುವುದು ಬಿಡ್ತಿದ್ದಳು. ಹೋದಲ್ಲಿ ಶೌಚಾಲಯ ಸಿಗ್ತದೋ, ಸಿಕ್ಕರೂ ಕುರ್ಚಿ ಒಳಗೆ ಹೋಗ್ತದೋ ಗೊತ್ತಿಲ್ಲವಲ್ಲ, ಅದಕ್ಕೆ. ಬಾಯಾರಿಕೊಂಡು ಯಾರಿಗೆ ಸಮುದ್ರ ನೋಡುವ ಆಸೆ ಬರ್ತದೆ?

ಹಾಗೆ ನೋಡಿದರೆ ನಮ್ಮದೇ ಸಮುದ್ರದ ಊರು. ಅಕ್ಕ ಚಿಕ್ಕವಳಿದ್ದಾಗ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚೆಂಡಿಯಾದ ಕಡಲಿಗೆ ಕರಕೊಂಡು ಹೋಗ್ತಿದ್ದರು, ನಾನು ಹಿಂದೆ ಓಡ್ತಿದ್ದೆ. ಒದ್ದೆ ಮರಳಿನ ಮೇಲೆ ಅವಳನ್ನು ಇಳಿಸಿದರೆ ಕೈ ಊರಿ ನೀರಿನ ತನಕ ತಾನೇ ಸರಿದು ಹೋಗ್ತಿದ್ದಳು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು, 2005ರಲ್ಲಿ ಐಎನ್‌ಎಸ್ ಕದಂಬ ಆಗಿ ಅದು ಕೆಲಸ ಶುರು ಮಾಡಿದ್ದು ನಿಮಗೆ ಗೊತ್ತಿರಬಹುದು. ನಡುವಿನ ವರ್ಷಗಳಲ್ಲಿ ಬಿಣಗಾದಿಂದ ಅಂಕೋಲೆಯ ಕಡೆಗಿನ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟ ಬಿಟ್ಟು ಎದ್ದವು. ನಮ್ಮ ಮನೆ ಹೆದ್ದಾರಿಯ ಮೇಲ್ಬದಿಗೆ ಇದ್ದದ್ದರಿಂದ ಉಳಿಯಿತು. ಸಮುದ್ರ ಮಾತ್ರ ಗೋಡೆಯ ಆಚೆ ಹೋಯಿತು. ದೇಶಕ್ಕೆ ಬೇಕಾದದ್ದು, ಅದರ ಬಗ್ಗೆ ವಾದ ಮಾಡಲು ಇದನ್ನು ಬರೀತಾ ಇಲ್ಲ. ನಾವು ಕಾಲಿರುವವರು ಬೇರೆ ಸಮುದ್ರ ಹುಡುಕಿಕೊಂಡೆವು. ಅಕ್ಕನ ಸಮುದ್ರ ಅಲ್ಲಿಗೇ ನಿಂತಿತ್ತು.

ಫ್ರಾನ್ಸಿನಿಂದ ಬಂದ ಮೇಲೆ ಡಿಸೆಂಬರಿನಲ್ಲಿ ಹತ್ತು ದಿನ ರಜೆ ಹಾಕಿ ಊರಿಗೆ ಹೋದೆ. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ನಾನು ಆನ್‌ಲೈನಿನಲ್ಲಿ ಲೇಸರ್ ಅಳತೆಗೋಲು ಹುಡುಕ್ತಾ ಕೂತಿದ್ದರೆ ಅವಳು ಕುತ್ತಿಗೆಯಿಂದ ಟೇಪು ತೆಗೆದು ಕೈಗಿಟ್ಟಳು. “ಏಳು ಇಂಚಿನ ಮೆಟ್ಟಿಲು ಹತ್ತತೆ. ಒಂಬತ್ತು ಆದ್ರೆ ಆಗೂದಿಲ್ಲ. ಬಾಗಿಲು ಮೂವತ್ತು ಇಂಚಾದ್ರೂ ಬೇಕು. ಬರ್ಕೊಂಡು ಬಾ” ಅಂದಳು. ನಮ್ಮ ಪ್ರಾಜೆಕ್ಟುಗಳಲ್ಲಿ ಇಷ್ಟು ಸ್ಪಷ್ಟವಾದ ರಿಕ್ವೈರ್‌ಮೆಂಟು ಸಿಕ್ಕಿದ್ದರೆ ಅರ್ಧ ಮೀಟಿಂಗು ಉಳೀತಿತ್ತು.

ಎರಡು ದಿನ ಒಬ್ಬನೇ ಕಾರವಾರ ಸುತ್ತಿದೆ. ಮೊಣಕಾಲೂರಿ ಅಂಗಡಿ ಮೆಟ್ಟಿಲು ಅಳೆಯುವವನನ್ನು ಕಂಡು ಒಬ್ಬರು, ರಸ್ತೆ ಅಗಲ ಮಾಡ್ತಾರಾ ಅಂತ ಗಾಬರಿಯಿಂದ ಕೇಳಿದರು. ಅಕ್ಕನಿಗೆ ಅಂತ ಹೇಳಿದ ಮೇಲೆ ಒಳಗಿಂದ ಸ್ಟೂಲು ತಂದು ಕೂರಿಸಿದರು. “ನಮ್ಮ ಅಮ್ಮಂಗೂ ಮಂಡಿನೋವು, ಅಂಗಡಿಗೆ ಬರೂದೇ ಬಿಟ್ಟಿದಾರೆ” ಅಂದರು.

ಅಳೀತಾ ಹೋದ ಹಾಗೆ ಒಂದು ವಿಷಯ ತಿಳೀತು. ನಮ್ಮ ಕರಾವಳಿಯ ಕಟ್ಟಡಗಳಲ್ಲಿ ಮೆಟ್ಟಿಲು ಸುಮ್ಮನೆ ಬಂದದ್ದಲ್ಲ. ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ ಅಡಿಪಾಯ ಎತ್ತರಿಸದೆ ಕಟ್ಟಿದರೆ ಆಷಾಢದಲ್ಲಿ ನೀರು ಒಳಗೆ ಬರ್ತದೆ. ಜಗುಲಿ ಎತ್ತರ, ಅಂಗಡಿ ಕಟ್ಟೆ ಎತ್ತರ, ಕಚೇರಿಗಳ ಮೊಗಸಾಲೆ ಎತ್ತರ. ಮಳೆಯ ಸಲುವಾಗಿ ಹಿರಿಯರು ಮಾಡಿದ ಜಾಣತನವೇ ಅಕ್ಕನಿಗೆ ಅಡ್ಡ ನಿಂತಿದೆ. ಹಾಗಾಗಿ ಮೆಟ್ಟಿಲು ತೆಗೀರಿ ಅನ್ನೋದು ಉತ್ತರವಲ್ಲ, ಪಕ್ಕದಲ್ಲಿ ಇಳಿಜಾರು ಬೇಕು.

ಅದಕ್ಕೂ ಲೆಕ್ಕ ಇದೆ. ನಮ್ಮ ದೇಶದ ಮಾರ್ಗಸೂಚಿ ಪ್ರಕಾರ ರ‍್ಯಾಂಪ್ 1:12 ಇರಬೇಕು. ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ. ಅಕ್ಕನಿಗೆ ಇದನ್ನು ವಿವರಿಸಲು ಹೊರಟರೆ ಅವಳು ಒಂದೇ ಉಸಿರಿಗೆ, “ಇಂಚಿಗೊಂದು ಅಡಿ, ಅಷ್ಟೇ ಅಲ್ವನಾ?” ಅಂದುಬಿಟ್ಟಳು. ಹೌದು, ಅಷ್ಟೇ. ಆರು ಇಂಚಿನ ಒಂದು ಮೆಟ್ಟಿಲಿಗೆ ಆರು ಅಡಿ. ಅಂಥ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ. ಕಟ್ಟೆಯ ಮುಂದೆ ಎರಡಡಿ ಜಾಗ ಇರುವ ಅಂಗಡಿಯವರು ಹದಿನೆಂಟು ಅಡಿ ಎಲ್ಲಿಂದ ತರಬೇಕು? ಅದಕ್ಕೇ ಎಷ್ಟೋ ಕಡೆ ಮೂರಡಿಯ ಜಾರುಬಂಡೆ ಕಟ್ಟಿ ನೀಲಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ ಬರೆದಿರ್ತಾರೆ. ಅದನ್ನು ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗಚುತ್ತದೆ. ಅಕ್ಕನ ಪಟ್ಟಿಯಲ್ಲಿ ಅಂಥವಕ್ಕೆ ಹೆಸರು ‘ಫೋಟೋ ರ‍್ಯಾಂಪು’. ಸಾಫ್ಟ್‌ವೇರಿನಲ್ಲೂ ಇಂಥದ್ದು ಬೇಕಾದಷ್ಟಿದೆ. ಚೆಕ್‌ಲಿಸ್ಟಿನಲ್ಲಿ ಟಿಕ್ ಬಿದ್ದಿರ್ತದೆ, ಬಳಸಿ ನೋಡಿದವರು ಯಾರೂ ಇರುವುದಿಲ್ಲ.

ಮೂರನೇ ದಿನ ಪಟ್ಟಿ ತಯಾರಾಯಿತು. ಎರಡೇ ಹಾಳೆ, ದೊಡ್ಡ ಅಕ್ಷರ. ಗ್ರೆನೋಬಲ್‌ನ ಕ್ರಮದಲ್ಲೇ ಬರೆದಿದ್ದೆ, ಮೊದಲು ನೆಲ, ಆಮೇಲೆ ಕತೆ.

ಒಂದನೇ ನಂಬರು ಶೌಚಾಲಯ. ಬಾಗಿಲು ಮೂವತ್ತೆರಡು ಇಂಚು, ಒಳಗೆ ಕುರ್ಚಿ ತಿರುಗುತ್ತದೆ, ಎಡಗೋಡೆಗೆ ಹಿಡಿಯಲು ಕಂಬಿ ಇದೆ. ಈ ಒಂದು ಸಾಲು ಓದಿದ್ದೇ ಅಕ್ಕ ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದು ಬಂದಳು. ಉಳಿದ ಪಟ್ಟಿಗೆ ಇದಕ್ಕಿಂತ ಹೆಚ್ಚಿನ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

ಎರಡನೇದು ಕಡಲ ತೀರದ ಯುದ್ಧನೌಕೆ ವಸ್ತುಸಂಗ್ರಹಾಲಯ, ಐಎನ್‌ಎಸ್ ಚಪಲ್. ಯುದ್ಧದ ಹಡಗು ಅಂದ ಮೇಲೆ ಅದರ ಬಾಗಿಲುಗಳು ಕಿರಿದು, ಏಣಿಗಳು ಕಡಿದು. ನಾವು ಹೋಗುವುದೇನಿದ್ದರೂ ಸುತ್ತಲಿನ ನೆಲದ ಮೇಲೆ ಅಂತ ಪಟ್ಟಿಯಲ್ಲೇ ಬರೆದಿದ್ದೆ. ಈ ನೌಕೆ 1971ರ ಯುದ್ಧದಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದು ಅಂತ ಹಲವರು ಹೇಳ್ತಾರೆ. ಚಪಲ್ ಸೇನೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋದವು ಇದರ ಹಿಂದಿನ ತಲೆಮಾರಿನ ಕ್ಷಿಪಣಿ ದೋಣಿಗಳು. ಇದು ನಿವೃತ್ತಿಯಾದದ್ದು 2005ರಲ್ಲಿ, ಮರುವರ್ಷ ಇಲ್ಲಿ ಬಂದು ಕೂತಿತು. ನಾನು ಇದನ್ನೆಲ್ಲ ಹೇಳ್ತಾ ಇದ್ದರೆ ಅಕ್ಕ ತಲೆಯೆತ್ತಿ ಹಡಗಿನ ಹೊಟ್ಟೆಯನ್ನೇ ನೋಡ್ತಿದ್ದಳು. “ನೀರಲ್ಲಿದ್ದಾಗ ಇದು ಯಾರಿಗೂ ಕಾಣೂದಿಲ್ಲ. ಮೇಲೆ ಹತ್ತಿದವ್ರಿಗೂ ಕಾಣೂದಿಲ್ಲ” ಅಂದಳು. ಚಪಲ್ ಒಳಗೆ ನಾನು ಶಾಲಾ ಪ್ರವಾಸದವರ ಹಿಂದೆ ಎರಡು ಸಲ ಹೋಗಿ ಬಂದಿದ್ದೇನೆ, ಕೆಳಗಿನಿಂದ ಅದನ್ನು ಸರಿಯಾಗಿ ನೋಡಿದ್ದು ಆ ದಿನವೇ.

ಹಡಗಿನ ಹತ್ತಿರದಲ್ಲೇ ಟುಪೊಲೆವ್-142 ವಿಮಾನ. ನೌಕಾಪಡೆಯಿಂದ 2017ರಲ್ಲಿ ನಿವೃತ್ತಿಯಾದದ್ದು, ತಮಿಳುನಾಡಿನ ಅರಕ್ಕೋಣಂನಿಂದ ತುಂಡು ತುಂಡಾಗಿ ರಸ್ತೆಯಲ್ಲಿ ತಂದು ಜೋಡಿಸಿದ್ದು. 53 ಮೀಟರ್ ಉದ್ದ, ನಾಲ್ಕು ಎಂಜಿನ್ನು, ಒಂದೊಂದಕ್ಕೂ ಎದುರುಬದುರು ತಿರುಗುವ ಎರಡೆರಡು ಪ್ರೊಪೆಲ್ಲರು. ಇಂಥದ್ದು ದೂರದಿಂದಲೇ ಚಂದ, ಹತ್ತಿರ ಹೋದರೆ ಚಕ್ರ ಮಾತ್ರ ಕಾಣ್ತದೆ. ಮೆಟ್ಟಿಲಿನ ಚಿಂತೆ ಇಲ್ಲದೆ ನೋಡಲು ಇಷ್ಟು ದೊಡ್ಡ ವಸ್ತು ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಮೂರನೇದು ಕಟ್ಟಡವಲ್ಲ, ಒಂದು ನೆರಳು. ಅಲ್ಲಿ ಕುರ್ಚಿ ನಿಲ್ಲಿಸಿಕೊಂಡು ಕೇಳುವ ಕತೆ ಟಾಗೋರರದು. ತೀರಕ್ಕೆ ಅವರ ಹೆಸರಿದೆ, ಕಾರಣ ಎಷ್ಟೋ ಜನಕ್ಕೆ ಗೊತ್ತಿಲ್ಲ. ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥ ಇಪ್ಪತ್ತೆರಡರ ಹರೆಯದಲ್ಲಿ ಅಣ್ಣನ ಮನೆಗೆ ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದದ್ದು ಇಲ್ಲೇ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ, ಗುಡ್ಡದ ಕೋಟೆಯ ಬಳಿ ಇಳಿದು, ಬಡ ರೈತನ ಅಂಗಳದಲ್ಲಿ ಕೂತು, ತಿರುಗಿ ಬರುವಾಗ ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕಾರವಾರದ ಸೆಲ್ಫ್ ಗೈಡೆಡ್ ವಾಕಿನ ಮೊದಲ ದಾಖಲೆ ಅದೇ ಇರಬೇಕು ಅಂತ ನಾನು ತಮಾಷೆ ಮಾಡಿದೆ. “ಅವ್ರಿಗೆ ಎರಡೂ ಕಾಲಿತ್ತಲ್ಲ” ಅಂತ ಅಕ್ಕ ನಕ್ಕಳು.

ನಾಲ್ಕನೇದು ಊಟ. ಮೆಟ್ಟಿಲಿಲ್ಲದ ಒಂದು ಖಾನಾವಳಿ ಸಿಕ್ಕಿತ್ತು. ಬಾಗಿಲು ಅಗಲ, ಮೇಜಿನ ಕೆಳಗೆ ಕುರ್ಚಿ ಸಲೀಸಾಗಿ ಹೋಗ್ತದೆ. ಬಂಗಡೆ ತವಾ ಫ್ರೈ, ಸೋಲ್ ಕಡಿ. ಅಕ್ಕ ತಿಂದು ಕೈ ತೊಳೆದು, “ಬಾಗಿಲು ಚಲೋ ಇದೆ. ಮೀನು ಸುಮಾರು” ಅಂದಳು. ಮುಂದಿನ ಸಲಕ್ಕೆ ಎರಡೂ ಚಲೋ ಇರುವ ಜಾಗ ಹುಡುಕುವುದು ಅಂತ ಪಟ್ಟಿಯಲ್ಲಿ ಬರೆದುಕೊಂಡೆ. ಬಾಗಿಲು ನೋಡಿ ಹೋಟೆಲ್ಲು ಆರಿಸಬೇಕಾದವರಿಗೂ ನಾಲಿಗೆ ಇರ್ತದೆ.

ಐದನೇದು ಸಂತೆ. ಕಾರವಾರದಲ್ಲಿ ಭಾನುವಾರ ಸಂತೆ, ನಾವು ಹೋದದ್ದೂ ಭಾನುವಾರವೇ. ರಸ್ತೆಯ ಮೇಲೇ ಹರಡಿ ಕೂತ ಸೊಪ್ಪು, ಗೆಣಸು, ಒಣಮೀನು, ಸಿಹಿ ಈರುಳ್ಳಿಯ ಗೊಂಚಲು. ಯೋಚಿಸಿ ನೋಡಿ, ಇಡೀ ಊರಿನಲ್ಲಿ ಮೆಟ್ಟಿಲೇ ಇಲ್ಲದ ಮಾರುಕಟ್ಟೆ ಅಂದರೆ ಸಂತೆ. ಮಾರುವವರೂ ನೆಲದಲ್ಲಿ ಕೂತಿರ್ತಾರೆ, ಅಕ್ಕನ ಕುರ್ಚಿಗೆ ಅವರ ಮುಖ ಹತ್ತಿರ. ಹಾಲಕ್ಕಿ ಅಜ್ಜಿಯೊಬ್ಬಳು ಬಸಳೆ ಕಟ್ಟು ಕೊಡುತ್ತಾ ನನ್ನ ಕಡೆ ನೋಡಲೇ ಇಲ್ಲ, ದರದ ಮಾತೆಲ್ಲ ನೇರ ಅಕ್ಕನೊಟ್ಟಿಗೆ. ಇದು ಸಣ್ಣ ವಿಷಯ ಅನ್ನಿಸಬಹುದು. ಎಷ್ಟೋ ಅಂಗಡಿ, ಕೌಂಟರುಗಳಲ್ಲಿ ಅಕ್ಕನ ಎದುರೇ ನನ್ನ ಹತ್ತಿರ “ಅವ್ರಿಗೆ ಏನು ಬೇಕಂತೆ?” ಅಂತ ಕೇಳಿದ್ದನ್ನು ಕೇಳಿಸಿಕೊಂಡವರಿಗೆ ಇದು ಸಣ್ಣದಲ್ಲ.

ಆರನೇದು ಸಮುದ್ರ.

ಪಟ್ಟಿಯಲ್ಲಿ ಬರೆದಿದ್ದು ಹೀಗೆ: ಒಣ ಮರಳು ನಲವತ್ತು ಹೆಜ್ಜೆ, ಕುರ್ಚಿ ಹೂತುಹೋಗ್ತದೆ. ಆಮೇಲೆ ಒದ್ದೆ ಮರಳು, ಗಟ್ಟಿ. ಇಳಿತದ ಹೊತ್ತಿಗೇ ಹೋಗಬೇಕು. ಆ ದಿನ ಇಳಿತ ಸಂಜೆ ನಾಲ್ಕರ ಸುಮಾರಿಗೆ ಇತ್ತು. ಚೆನ್ನೈನ ಮರೀನಾ ಬೀಚಿನಲ್ಲಿ 2022ರಲ್ಲಿ ನೀರಿನ ಹತ್ತಿರದ ತನಕ ಮರದ ಹಾದಿ ಮಾಡಿದ್ದಾರೆ. ನಮ್ಮದೇ ಜಿಲ್ಲೆಯ ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಸಿಕ್ಕಿದೆ, ಅದರ ಮಾನದಂಡಗಳಲ್ಲಿ ಅಂಗವಿಕಲರ ಅನುಕೂಲವೂ ಒಂದು. ನಮಗೆ ಆ ದಿನ ಇದ್ದದ್ದು ಕಾರಿನ ಡಿಕ್ಕಿಯಲ್ಲಿ ಹಾಕಿ ತಂದ ಎರಡು ಪ್ಲೈವುಡ್ ಹಲಗೆ. ಒಂದರ ಮೇಲೆ ಕುರ್ಚಿ, ಇನ್ನೊಂದನ್ನು ಮುಂದೆ ಹಾಸು. ಅದರ ಮೇಲೆ ಕುರ್ಚಿ ಬಂದ ಮೇಲೆ ಹಿಂದಿನದನ್ನು ಎತ್ತಿ ಮತ್ತೆ ಮುಂದೆ ಹಾಸು. ಕ್ರಿಕೆಟ್ ಆಡುತ್ತಿದ್ದ ಮೂವರು ಹುಡುಗರು ಬಂದು, “ಎತ್ತಕೊಂಡು ಹೋಗ್ವಾ?” ಅಂದರು. “ಎತ್ತೂದು ಬೇಡ. ಹಲಗೆ ಹಾಸ್ರಿ” ಅಂದಳು ಅಕ್ಕ. ಹುಡುಗರಿಗೆ ಅದು ಬ್ಯಾಟಿಗಿಂತ ಚಲೋ ಆಟ ಆಯಿತು. ನಲವತ್ತು ಹೆಜ್ಜೆಗೆ ಇಪ್ಪತ್ತು ನಿಮಿಷ ಹಿಡಿಯಿತು.

ಒದ್ದೆ ಮರಳಿಗೆ ಚಕ್ರ ತಾಗಿದ ಮೇಲೆ ನಾನು ತಳ್ಳಲು ಹೋದೆ. ಅವಳು ಹಿಂದಕ್ಕೆ ತಿರುಗದೆ ಕೈ ಬೀಸಿ ನಿಲ್ಲಿಸಿದಳು. “ನೀ ಇಲ್ಲೇ ಇರು.”

ಎರಡೂ ಚಕ್ರಕ್ಕೆ ಕೈ ಹಾಕಿ ಅವಳೇ ಹೊರಟಳು. ಮೊದಲು ನೀರಿನ ಕಡೆಗೆ, ತೆರೆ ಬಂದು ಪಾದದ ಹಲಗೆಯನ್ನು ನೆನೆಸುವ ತನಕ. ಆಮೇಲೆ ಬಲಕ್ಕೆ ತಿರುಗಿ ನೀರಿನ ಅಂಚಿನಲ್ಲೇ ಕಾಳಿ ನದಿಯ ದಿಕ್ಕಿಗೆ. ಎಡಕ್ಕೆ ದೂರದಲ್ಲಿ ಕೂರ್ಮಗಡ, ದೇವಗಡ ದ್ವೀಪಗಳು. ಮರಳಿನ ಮೇಲೆ ಎರಡು ಸಪೂರ ಗೆರೆ ಬೀಳುತ್ತಾ ಹೋದವು. ಬಹಳ ದೂರವೇನಲ್ಲ, ನೂರು ಮೀಟರು ಇರಬಹುದು. ಅಷ್ಟು ದೂರ ಅವಳು ಒಬ್ಬಳೇ ಹೋದದ್ದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೇ ಮೊದಲು. ಹುಡುಗರು ಹಲಗೆ ಹಿಡಿದುಕೊಂಡು ನನ್ನ ಪಕ್ಕ ನಿಂತಿದ್ದರು. ಒಬ್ಬ, “ಅವ್ರು ಒಬ್ರೇ ಎಲ್ಲಿಗೆ ಹೋಗ್ತಾರೆ?” ಅಂತ ಕೇಳಿದ. ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ.

‘ಸೆಲ್ಫ್ ಗೈಡೆಡ್’ ಎಂಬ ಮಾತಿನಲ್ಲಿ ನಮಗೆ ಉಳಿಯುವುದು ಗೈಡಿನ ದುಡ್ಡು. ಅಕ್ಕನಿಗೆ ಅದರಲ್ಲಿ ಸಿಕ್ಕಿದ್ದು ಮೊದಲಿನ ಪದ. ಅದಕ್ಕೆ ಬೇಕಾದದ್ದು ಕೋಟಿಗಟ್ಟಲೆ ರೂಪಾಯಿಯ ಯೋಜನೆಯಲ್ಲ, ಎರಡು ಹಾಳೆ ನಿಜವಾದ ಮಾಹಿತಿ. ಯೋಜನೆ ಬೇಡ ಅಂತಲ್ಲ. 2015ರಲ್ಲಿ ಸುಗಮ್ಯ ಭಾರತ ಅಭಿಯಾನ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಗಡುವು ಹಾಕಿತು. ಕಣ್ಣು ಕಾಣದ ಹೋರಾಟಗಾರ ರಾಜೀವ್ ರತೂರಿ 2005ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ, ಈ ನಿಯಮಗಳು ಬರೀ ಸಲಹೆಯಾಗಿ ಇದ್ದರೆ ಸಾಲದು, ಕಡ್ಡಾಯ ಆಗಬೇಕು ಅಂತ ಹೇಳಿತು. ಆಗಲಿ, ಆಗಲೇಬೇಕು. ಆದರೆ ರ‍್ಯಾಂಪ್ ಆಗುವ ತನಕವೂ ಜನ ಬದುಕಿರ್ತಾರಲ್ಲ. ಎಲ್ಲಿ ಹೋಗಬಹುದು, ಎಲ್ಲಿ ಆಗುವುದಿಲ್ಲ ಅಂತ ಮೊದಲೇ ಗೊತ್ತಾದರೆ ಹೋಗಬೇಕೋ ಬೇಡವೋ ಅನ್ನುವ ತೀರ್ಮಾನ ಅವರದಾಗ್ತದೆ. ‘ಎಲ್ಲಾ ಅನುಕೂಲ ಇದೆ ಬನ್ನಿ’ ಅನ್ನುವ ಬೋರ್ಡಿಗಿಂತ ‘ಒಂಬತ್ತು ಇಂಚಿನ ನಾಲ್ಕು ಮೆಟ್ಟಿಲು, ರೇಲಿಂಗು ಇಲ್ಲ’ ಅನ್ನುವ ಬೋರ್ಡಿನಿಂದ ಅಕ್ಕನಿಗೆ ಹೆಚ್ಚು ಉಪಕಾರ.

ಇದನ್ನು ಓದ್ತಾ ಇರುವ ನೀವು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರಬಹುದು. ಊರಲ್ಲಿ ಮಂಡಿ ಹಿಡಿದುಕೊಂಡು ಕೂತ ಅಮ್ಮ, ಸ್ಟ್ರೋಕ್ ಆದ ಮಾವ, ಕೋಲಿಲ್ಲದೆ ಏಳಲಾಗದ ಅಜ್ಜ ಯಾರಾದರೂ ಇದ್ದೇ ಇರ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಒಂದು ಟೇಪು ಒಯ್ಯಿರಿ. ದೇವಸ್ಥಾನ, ಬ್ಯಾಂಕು, ಅವರಿಗೆ ಇಷ್ಟದ ಮಿಠಾಯಿ ಅಂಗಡಿ, ಮೂರೇ ಜಾಗ ಸಾಕು. ಮೆಟ್ಟಿಲು ಎಷ್ಟು, ಎತ್ತರ ಎಷ್ಟು, ರೇಲಿಂಗು ಯಾವ ಬದಿಗೆ, ಕೂರಲು ಜಾಗ ಎಲ್ಲಿ, ಶೌಚಾಲಯ ಎಲ್ಲಿ. ಬರೆದು ಅವರ ಕೈಗೆ ಕೊಡಿ. ಯಾವಾಗ ಹೋಗಬೇಕು ಅಂತ ಅವರೇ ಹೇಳಲಿ.

ನಾನು ಬೆಂಗಳೂರಿಗೆ ವಾಪಸು ಬಂದು ಮೂರು ವಾರ ಆಗಿತ್ತು. ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಫೋನು. ಹಿಂದಿನಿಂದ ಸಂತೆಯ ಗದ್ದಲ ಕೇಳ್ತಿತ್ತು. ಪಕ್ಕದ ಮನೆಯ ಹುಡುಗಿಯ ಜೊತೆ ರಿಕ್ಷಾ ಮಾಡಿಕೊಂಡು ಬಂದಿದ್ದಾಳೆ, ನನಗೆ ಹೇಳಿಯೂ ಇರಲಿಲ್ಲ.

“ಬರ್ಕೋ ತಮಾ” ಅಂದಳು. “ಏಳನೇ ನಂಬರು. ಹೂವಿನ ಅಂಗಡಿ ಪಕ್ಕದ ಹೋಟ್ಲು. ಒಂದೇ ಮೆಟ್ಟಿಲು, ಆರಿಂಚು, ರೇಲಿಂಗು ಎಡಕ್ಕೆ. ಮೀನೂ ಚಲೋ ಇದೆ.”